ಆಟದ ಕಂಪನಿ ಕೈ ಬದಲಾದರೆ ನಮ್ಮ ಐಡಿಯ ಗತಿ ಏನು?

ಈ ಸಲ ನನ್ನ ಕೈಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯವು. ನಮ್ಮ ಜಿಲ್ಲೆಯ ಹುಡುಗರು, ಕೆಲವು ಹಿರಿಯರೂ, ವರ್ಷಗಟ್ಟಲೆ ಆಡಿಕೊಂಡು ಬಂದ ಒಂದು ಆನ್‌ಲೈನ್ ಆಟವನ್ನು ಮಾಡಿದ ಸ್ಟುಡಿಯೋವನ್ನು ಬೇರೊಂದು ಕಂಪನಿ ಕೊಂಡುಕೊಳ್ಳುತ್ತಿದೆ. ವ್ಯವಹಾರ ಇನ್ನೂ ಮುಗಿದಿಲ್ಲದ ಕಾರಣ ಆಟದ ಹೆಸರನ್ನು ಬಿಟ್ಟು ಪ್ರಶ್ನೆಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಹೇಗಿದ್ದರೂ ಇಲ್ಲಿ ಹೇಳುವುದು ಯಾವ ಆಟಕ್ಕಾದರೂ ಹೊಂದುತ್ತದೆ.

ಪ್ರಶ್ನೆ: ಅಕ್ಕಾ, ನನ್ನದು ಸೋಮವಾರಪೇಟೆ ಹತ್ತಿರದ ಊರು. ಮಡಿಕೇರಿಯಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಒಂಬತ್ತನೇ ತರಗತಿಯಿಂದ ಇದೇ ಆಟ ಆಡುತ್ತಿದ್ದೇನೆ. ಕಾಫಿ ಕುಯ್ಲಿನ ಸಮಯದಲ್ಲಿ ಕಣದ ಕೆಲಸಕ್ಕೆ ಹೋಗಿ ಸಿಕ್ಕಿದ ಹಣದಲ್ಲಿ ಸ್ಕಿನ್‌ಗಳನ್ನು (ಆಟದ ಪಾತ್ರಕ್ಕೆ ತೊಡಿಸುವ ವೇಷಗಳನ್ನು) ತೆಗೆದುಕೊಂಡಿದ್ದೇನೆ, ಆಟದೊಳಗೆ ನಡೆಯುವ ಕಾಯಿನ್‌ಗಳನ್ನೂ ಕೂಡಿಟ್ಟಿದ್ದೇನೆ. ಒಟ್ಟಿಗೆ ಆಡುವ ನಮ್ಮ ತಂಡ, ಅಂದರೆ ಕ್ಲಾನ್‌ನಲ್ಲಿ ಹಾಸನ, ಸುಳ್ಯ, ಕಣ್ಣೂರು ಕಡೆಯವರೂ ಇದ್ದಾರೆ. ಹೊಸ ಕಂಪನಿ ಬಂದ ಮೇಲೆ ಎಲ್ಲವೂ ಸೊನ್ನೆಯಿಂದ ಶುರುವಾಗುತ್ತದೆ ಎಂದು ಒಬ್ಬರು ಹೇಳಿದರೆ, ಏನೂ ಆಗುವುದಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ ಪೂರ್ತಿ ನಂಬಬೇಡಿ. ಕಂಪನಿ ಮಾರಾಟವಾದ ಮರುದಿನ ಐಡಿ, ಅಂದರೆ ಆಟದಲ್ಲಿನ ನಿಮ್ಮ ಖಾತೆ, ಅಳಿಸಿಹೋಗುವುದು ತೀರಾ ಅಪರೂಪ. ಹಣ ಕೊಟ್ಟು ಕೊಳ್ಳುವವರಿಗೆ ಬೇಕಾಗಿರುವುದೇ ಆಟಗಾರರು, ಅಂದರೆ ನೀವು ಮತ್ತು ನಿಮ್ಮ ಕ್ಲಾನ್‌ನವರು. ಅಪಾಯ ಬರುವುದು ನಿಧಾನವಾಗಿ, ಎಲ್ಲರೂ ಸುದ್ದಿಯನ್ನು ಮರೆತ ಮೇಲೆ.

ಮೈನ್‌ಕ್ರಾಫ್ಟ್ ಆಟದ ಉದಾಹರಣೆ ನೋಡಿ. ಅದನ್ನು ಮಾಡಿದ ಸ್ವೀಡನ್ನಿನ ಮೋಜಾಂಗ್ ಸ್ಟುಡಿಯೋವನ್ನು ಮೈಕ್ರೋಸಾಫ್ಟ್ 2014ರಲ್ಲಿ 250 ಕೋಟಿ ಡಾಲರ್ ಕೊಟ್ಟು ಕೊಂಡಿತು. ಆಟ ಚೆನ್ನಾಗಿಯೇ ಮುಂದುವರಿಯಿತು. ಆದರೆ ಹಳೆಯ ಮೋಜಾಂಗ್ ಖಾತೆಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬದಲಾಯಿಸಿಕೊಳ್ಳಬೇಕು ಎಂಬ ನಿಯಮ ಬಂತು. 2023ರಲ್ಲಿ ಅದರ ಗಡುವು ಮುಗಿಯಿತು. ಬದಲಾಯಿಸಿಕೊಳ್ಳದವರು ತಾವು ಹಣ ಕೊಟ್ಟು ಕೊಂಡಿದ್ದ ಆಟವನ್ನೇ ಕಳೆದುಕೊಂಡರು. ಮಾರಾಟಕ್ಕೂ ಗಡುವಿಗೂ ನಡುವೆ ಒಂಬತ್ತು ವರ್ಷ! ಆ ನಡುವೆ ಓದು, ಕೆಲಸ, ಮದುವೆ ಎಂದು ಆಟ ಬಿಟ್ಟಿದ್ದವರಿಗೆ ಎಚ್ಚರಿಕೆಯ ಮೇಲ್ ಹೋಗಿದ್ದರೂ ಎಷ್ಟು ಜನ ತೆರೆದು ನೋಡಿರುತ್ತಾರೆ?

ರಾಕೆಟ್ ಲೀಗ್ ಆಟದ್ದು ಇನ್ನೊಂದು ಬಗೆ. ಅದರ ಸ್ಟುಡಿಯೋ ಸೈಯಾನಿಕ್ಸ್ ಅನ್ನು ಎಪಿಕ್ ಕಂಪನಿ 2019ರಲ್ಲಿ ಕೊಂಡಿತು. 2020ರಲ್ಲಿ ಮ್ಯಾಕ್ ಮತ್ತು ಲಿನಕ್ಸ್ ಕಂಪ್ಯೂಟರಿನವರಿಗೆ ಆನ್‌ಲೈನ್ ಆಟ ನಿಂತಿತು. 2023ರ ಕೊನೆಯಲ್ಲಿ ಆಟಗಾರರು ತಮ್ಮತಮ್ಮಲ್ಲಿ ವಸ್ತುಗಳನ್ನು ಬದಲಾಯಿಸಿಕೊಳ್ಳುವ ಸೌಲಭ್ಯವನ್ನೂ ತೆಗೆದರು. ಆಟ ಇಂದಿಗೂ ಇದೆ, ಆಡುವವರೂ ಇದ್ದಾರೆ. ಆದರೆ ಅಪರೂಪದ ವಸ್ತುಗಳನ್ನು ಕೂಡಿಟ್ಟು ಬದಲಾಯಿಸಿಕೊಳ್ಳುವುದರಲ್ಲೇ ಖುಷಿ ಕಂಡಿದ್ದವರ ಪಾಲಿಗೆ ಅದು ಹಳೆಯ ಆಟವಾಗಿ ಉಳಿಯಲಿಲ್ಲ.

ಒಳ್ಳೆಯ ಉದಾಹರಣೆಯೂ ಇದೆ. ಕ್ಲ್ಯಾಶ್ ಆಫ್ ಕ್ಲಾನ್ಸ್ ಮಾಡಿದ ಫಿನ್ಲೆಂಡಿನ ಸೂಪರ್‌ಸೆಲ್‌ನ ಬಹುಪಾಲು ಷೇರುಗಳು ಮೊದಲು ಜಪಾನಿನ ಸಾಫ್ಟ್‌ಬ್ಯಾಂಕ್ ಕೈಗೆ ಹೋದವು. 2016ರಲ್ಲಿ ಚೀನಾದ ಟೆನ್ಸೆಂಟ್ ಮುಂದಾಳತ್ವದ ಗುಂಪು 860 ಕೋಟಿ ಡಾಲರ್ ವ್ಯವಹಾರದಲ್ಲಿ ಅದನ್ನು ಕೊಂಡಿತು. 2012ರಲ್ಲಿ ಬಂದ ಆ ಆಟ ಇಷ್ಟೆಲ್ಲ ಕೈ ಬದಲಾದರೂ ನಡೆದುಕೊಂಡು ಹೋಗುತ್ತಿದೆ. ಆಟ ಮಾಡುವ ತಂಡವನ್ನು ಅದರ ಪಾಡಿಗೆ ಬಿಟ್ಟಿದ್ದು ಇದಕ್ಕೆ ಮುಖ್ಯ ಕಾರಣ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆ ತೋಟ ಮಾರಾಟವಾದಾಗ ನೋಡಿದ್ದೀರಲ್ಲ, ಗಿಡಗಳು ಮರುದಿನವೂ ಅಲ್ಲೇ ಇರುತ್ತವೆ. ಬದಲಾಗುವುದು ತೋಟದ ಕೆಲಸ ನೋಡಿಕೊಳ್ಳುವ ರೈಟರು. ಯಾವ ಬ್ಲಾಕಿನಲ್ಲಿ ನೀರು ನಿಲ್ಲುತ್ತದೆ, ಯಾವ ಬಳ್ಳಿಯ ಮೆಣಸು ತಡವಾಗಿ ಹಣ್ಣಾಗುತ್ತದೆ ಎಂದು ಗೊತ್ತಿದ್ದ ಮನುಷ್ಯ ಹೋದ ಮೇಲೆ ತೊಂದರೆ ಒಂದೊಂದಾಗಿ ಕಾಣಿಸಿಕೊಳ್ಳುತ್ತದೆ. ಆಟದ ಸ್ಟುಡಿಯೋದಲ್ಲೂ ಹಾಗೆಯೇ. ಆಕ್ಟಿವಿಷನ್ ಬ್ಲಿಜಾರ್ಡ್ ಎಂಬ ಆಟದ ಕಂಪನಿಯನ್ನು ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ತನ್ನದಾಗಿಸಿಕೊಂಡಿತು. 2024ರ ಜನವರಿಯಲ್ಲಿ ತನ್ನ ಆಟಗಳ ವಿಭಾಗದಿಂದ 1,900 ಜನರನ್ನು ತೆಗೆಯುವುದಾಗಿ ಹೇಳಿತು. ಹೀಗೆ ಹೋಗುವವರಲ್ಲಿ ನಿಮ್ಮ ದೂರಿಗೆ ಉತ್ತರ ಬರೆಯುತ್ತಿದ್ದವರೂ ಇರಬಹುದು.

ಇದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಸುಂಟಿಕೊಪ್ಪಕ್ಕೆ ವಾಪಸ್ ಬರುವ ಮೊದಲು ಬೆಂಗಳೂರಿನಲ್ಲಿ ಒಂದು ಗೇಮ್ ಸ್ಟುಡಿಯೋದ ಗ್ರಾಹಕ ಸಹಾಯ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಫೋನ್ ಕಳೆದುಕೊಂಡ ಆಟಗಾರರು ಐಡಿ ವಾಪಸ್ ಕೇಳಿ ಬರೆದಾಗ ನಾವು ಮೊದಲು ಕೇಳುತ್ತಿದ್ದದ್ದು ಗೂಗಲ್ ಪ್ಲೇ ರಸೀದಿಯಲ್ಲಿ ಜಿಪಿಎ ಎಂದು ಶುರುವಾಗುವ ಆರ್ಡರ್ ಸಂಖ್ಯೆಯನ್ನು. ಹತ್ತು ರೂಪಾಯಿಯ ಖರೀದಿಯಾದರೂ ಸರಿ, ಆ ಸಂಖ್ಯೆ ಹಾಕಿದರೆ ಯಾವ ಐಡಿಗೆ ಹೋದ ಹಣ ಎಂಬುದು ಕಾಣುತ್ತಿತ್ತು. ಉಳಿದದ್ದು ಸುಲಭ. ಸ್ಟುಡಿಯೋ ಮಾರಾಟವಾದ ಮೇಲೆ ದೂರು ತೆಗೆದುಕೊಳ್ಳುವ ವ್ಯವಸ್ಥೆಯೇ ಬದಲಾಯಿತು. ಹಳೆಯ ದಾಖಲೆಗಳು ನಮ್ಮ ಪರದೆಯಲ್ಲಿ ಕಾಣುತ್ತಿದ್ದವು, ಆದರೆ ಅವುಗಳಲ್ಲಿ ಏನನ್ನೂ ಸರಿಪಡಿಸಲು ಆಗುತ್ತಿರಲಿಲ್ಲ. ಆಸ್ಪತ್ರೆಯ ರಾತ್ರಿ ಪಾಳಿಯ ನಂತರ ಅರ್ಧ ಗಂಟೆ ಆಡುತ್ತಿದ್ದ ಒಬ್ಬ ನರ್ಸ್ ತಿಂಗಳುಗಟ್ಟಲೆ ಬರೆದರು. ಎಲ್ಲ ರಸೀದಿಗಳನ್ನೂ ಕಳುಹಿಸಿದ್ದರು. ಅವರ ಐಡಿ ಯಾವುದು ಎಂಬುದು ನನ್ನ ಕಣ್ಣೆದುರಿಗೇ ಇತ್ತು. ಅದನ್ನು ಅವರಿಗೆ ಮರಳಿಸುವ ಅಧಿಕಾರವಿದ್ದವರು ಯಾರು ಎಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಅಂಕಣವನ್ನು ಇಷ್ಟು ಉದ್ದ ಬರೆಯುವುದಕ್ಕೆ ಅವರೇ ಕಾರಣ.

ಈಗ ನೀವು ಮಾಡಬೇಕಾದ್ದು. ಗೆಸ್ಟ್ ಐಡಿಯಲ್ಲಿ ಆಡುತ್ತಿದ್ದರೆ ಇಂದೇ ಅದನ್ನು ಇ-ಮೇಲ್‌ಗೆ ಜೋಡಿಸಿ. ಗೆಸ್ಟ್ ಐಡಿ ಸಾಮಾನ್ಯವಾಗಿ ಆ ಒಂದು ಫೋನಿನಲ್ಲಷ್ಟೇ ಇರುತ್ತದೆ. ಫೋನ್ ಮಳೆಗೆ ಒದ್ದೆಯಾಗಿ ಕೆಟ್ಟರೆ ಅದೂ ಹೋದಂತೆಯೇ. ಮೊಬೈಲ್ ಸಂಖ್ಯೆಗೆ ಜೋಡಿಸಿದ್ದರೆ ಆ ಸಿಮ್ ಇನ್ನೂ ನಿಮ್ಮದೇ ಎಂದು ನೋಡಿಕೊಳ್ಳಿ. ರೀಚಾರ್ಜ್ ಮಾಡದೆ ಬಿಟ್ಟ ಸಂಖ್ಯೆ ಕೆಲವು ತಿಂಗಳಲ್ಲಿ ಬೇರೆಯವರ ಕೈಗೆ ಹೋಗಬಹುದು. ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. ಜೂನ್, ಜುಲೈಯಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಓಟಿಪಿ ಬರುವುದೇ ಇಲ್ಲ. ಬಂದಾಗ ಅದರ ಸಮಯ ಮುಗಿದಿರುತ್ತದೆ. ಆದ್ದರಿಂದ ಆಟದಲ್ಲಿ ಅವಕಾಶವಿದ್ದರೆ ಓಟಿಪಿಯ ಬದಲಿಗೆ ಅಥೆಂಟಿಕೇಟರ್ ಆಪ್ ಜೋಡಿಸಿಕೊಳ್ಳಿ. ಅದರಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಸಂಖ್ಯೆ ಫೋನಿನ ಗಡಿಯಾರವನ್ನು ನೋಡಿ ಹುಟ್ಟುತ್ತದೆ. ಅದಕ್ಕೆ ಸಿಗ್ನಲ್ ಬೇಕಿಲ್ಲ. ಮಾಂದಲಪಟ್ಟಿಯ ತುದಿಯಲ್ಲೂ ಬರುತ್ತದೆ, ನಿಮ್ಮ ಅಡುಗೆಮನೆಯ ಮೂಲೆಯಲ್ಲೂ ಬರುತ್ತದೆ. ಆ ಸಂಖ್ಯೆಯಿಂದ ಒಳಗೆ ಹೋಗಲು ನೆಟ್ ಬೇಕು ನಿಜ, ಅದಕ್ಕೆ ಹಾಸ್ಟೆಲಿನ ವೈಫೈ ಸಾಕು. ಜೊತೆಗೆ, ಫೋನ್ ಹೋದರೆ ಬಳಸಲೆಂದು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮನೆಯಲ್ಲಿ ಆರ್‌ಟಿಸಿ ಇಡುವ ಜಾಗದಲ್ಲೇ ಇಡಿ. ನಮ್ಮ ತೇವದಲ್ಲಿ ಬರೀ ಕಾಗದ ಉಳಿಯುವುದಿಲ್ಲ.

ಕೂಡಿಟ್ಟ ಕಾಯಿನ್‌ಗಳ ಬಗ್ಗೆ ನನ್ನ ಮಾತು ನಿಮಗೆ ಹಿಡಿಸದಿರಬಹುದು. ಬೇಕಾದ್ದಕ್ಕೆ ಬಳಸಿಬಿಡಿ, ಹೊಸದಾಗಿ ಟಾಪ್-ಅಪ್ ಮಾಡಬೇಡಿ. ಆಟ ಸೇರುವಾಗ ನಾವು ಒಪ್ಪಿಕೊಳ್ಳುವ ಷರತ್ತುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಒಂದೇ ಮಾತು ಬರೆದಿರುತ್ತವೆ: ಕಾಯಿನ್, ಸ್ಕಿನ್ ಯಾವುದೂ ನಿಮ್ಮ ಸೊತ್ತಲ್ಲ, ಬಳಸಲು ಕೊಟ್ಟ ಪರವಾನಗಿ ಅಷ್ಟೇ. ಕಣದಲ್ಲಿ ಬೆನ್ನು ಬಗ್ಗಿಸಿ ದುಡಿದ ಹಣ ಅದು. ವ್ಯವಹಾರ ಮುಗಿದು, ಹೊಸ ಷರತ್ತುಗಳು ಬಂದು, ಅವನ್ನು ನೀವು ಓದುವ ತನಕ ನಿಮ್ಮ ಜೇಬಿನಲ್ಲೇ ಇರಲಿ. ಆಗಲೇ ಆದ ಖರೀದಿಗಳ ರಸೀದಿ ಮೇಲ್‌ಗಳನ್ನು ಅಳಿಸಬೇಡಿ.

ಕ್ಲಾನ್‌ನವರ ಫೋನ್ ಸಂಖ್ಯೆಗಳನ್ನು ತೆಗೆದುಕೊಂಡು ಆಟದ ಹೊರಗೆ ಒಂದು ಗುಂಪು ಮಾಡಿಕೊಳ್ಳಿ. ಆಟದೊಳಗಿನ ಚಾಟ್ ಹೋದರೆ ಕಣ್ಣೂರಿನ ಗೆಳೆಯನನ್ನು ಹುಡುಕುವುದು ಎಲ್ಲಿ?

ಪ್ರಶ್ನೆ: ಹೊಸ ಕಂಪನಿ ಬಂದ ಮೇಲೆ ಪಿಂಗ್ ಜಾಸ್ತಿಯಾಗುತ್ತದೆ ಎನ್ನುತ್ತಾರೆ, ನಿಜವೇ? — ಗೋಣಿಕೊಪ್ಪಲಿನಿಂದ ಒಬ್ಬ ಓದುಗ

ಉತ್ತರ: ಪಿಂಗ್ ಎಂದರೆ ನಿಮ್ಮ ಫೋನಿನ ಸಂದೇಶ ಆಟ ನಡೆಸುವ ಕಂಪನಿಯ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ, ಹೋಗಿ ಬರಲು ಹಿಡಿಯುವ ಸಮಯ. ಮಾಲೀಕರು ಬದಲಾದ ಮಾತ್ರಕ್ಕೆ ಅದು ಜಾಸ್ತಿ ಆಗುವುದಿಲ್ಲ. ಸರ್ವರ್ ಜಾಗ ಬದಲಾದರೆ ಆಗುತ್ತದೆ. ಈಗ ಮುಂಬೈ ಸರ್ವರಿಗೆ ಹೋಗಿ ಬರುತ್ತಿರುವ ನಿಮ್ಮ ಸಂದೇಶ, ಖರ್ಚು ಉಳಿಸಲೆಂದು ಆ ಸರ್ವರನ್ನು ಸಿಂಗಪುರದ ಸರ್ವರಿನ ಜೊತೆ ಸೇರಿಸಿದರೆ ಸಮುದ್ರ ದಾಟಿ ಹೋಗಿ ಬರಬೇಕು. ಗುಂಡು ಹಾರಿಸುವ ಆಟದಲ್ಲಿ ಆ ತಡ ಗೊತ್ತಾಗುತ್ತದೆ, ಬೇಸಾಯದ ಆಟದಲ್ಲಿ ಗೊತ್ತಾಗುವುದಿಲ್ಲ. ಆಟದ ಸೆಟ್ಟಿಂಗ್ಸ್‌ನಲ್ಲಿ ಸರ್ವರ್ ಹೆಸರು ಮತ್ತು ಪಿಂಗ್ ಕಾಣಿಸಿದರೆ ಈಗಿನದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮುಂದೆ ದೂರು ಕೊಡುವಾಗ ಹೋಲಿಸಿ ತೋರಿಸಲು ಬೇಕಾಗುತ್ತದೆ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಹದಿಮೂರು ವರ್ಷ. ಅವನ ಆಟಕ್ಕೆ ನನ್ನ ಯುಪಿಐನಿಂದಲೇ ಪ್ರತಿ ತಿಂಗಳು ಹಣ ಹೋಗುತ್ತದೆ. ಕಂಪನಿ ಮಾರಾಟವಾದರೆ ನನ್ನ ಬ್ಯಾಂಕ್ ವಿವರ, ಮಗನ ಫೋಟೋ, ಹೆಸರು ಎಲ್ಲ ಹೊಸಬರಿಗೆ ಸಿಗುತ್ತದೆಯೇ? — ವಿರಾಜಪೇಟೆಯ ಒಬ್ಬ ತಾಯಿ

ಉತ್ತರ: ಬ್ಯಾಂಕಿನ ವಿಷಯದಲ್ಲಿ ಸ್ವಲ್ಪ ಸಮಾಧಾನ ಪಟ್ಟುಕೊಳ್ಳಬಹುದು. ಗೂಗಲ್ ಪ್ಲೇ ಮೂಲಕ ಹಣ ಕೊಟ್ಟಿದ್ದರೆ ಆ ವಿವರ ಗೂಗಲ್ ಬಳಿ ಇರುತ್ತದೆ, ಆಟದ ಕಂಪನಿಗೆ ಸಿಗುವುದು ಖರೀದಿಯ ಲೆಕ್ಕ. ಆದರೆ ಪ್ರತಿ ತಿಂಗಳ ಕಡಿತವನ್ನು ಒಮ್ಮೆ ನಿಲ್ಲಿಸಿ ನೋಡಿ. ನಿಮ್ಮ ಯುಪಿಐ ಆಪ್‌ನಲ್ಲಿ ಆಟೋಪೇ ಎಂಬ ವಿಭಾಗವಿದೆ. ಅಲ್ಲಿ ನೀವು ಒಪ್ಪಿಗೆ ಕೊಟ್ಟಿರುವ ಎಲ್ಲ ಕಡಿತಗಳ ಪಟ್ಟಿ ಸಿಗುತ್ತದೆ, ಬೇಡವಾದದ್ದನ್ನು ರದ್ದು ಮಾಡಬಹುದು. ಆಟವನ್ನು ಫೋನಿನಿಂದ ತೆಗೆದುಹಾಕಿದರೆ ಕಡಿತ ತಾನಾಗಿ ನಿಲ್ಲುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೆ ನಿಲ್ಲುವುದಿಲ್ಲ.

ಮಗನ ಹೆಸರು, ಫೋಟೋ, ಚಾಟ್ ಮಾತ್ರ ಆಟದ ಜೊತೆಗೇ ಹೊಸ ಮಾಲೀಕರಿಗೆ ಹೋಗುವ ಸಾಧ್ಯತೆ ಹೆಚ್ಚು. 2025ರಲ್ಲಿ ನಯಾಂಟಿಕ್ ಕಂಪನಿ ಪೋಕೆಮಾನ್ ಗೋ ಸೇರಿದಂತೆ ತನ್ನ ಮುಖ್ಯ ಆಟಗಳನ್ನು ಸ್ಕೋಪ್ಲಿ ಎಂಬ ಕಂಪನಿಗೆ 350 ಕೋಟಿ ಡಾಲರಿಗೆ ಮಾರಿತು. ಸ್ಕೋಪ್ಲಿ ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿಯ ಒಡೆತನಕ್ಕೆ ಸೇರಿದ್ದು. ಪೋಕೆಮಾನ್ ಗೋ ಬೀದಿಬೀದಿ ಸುತ್ತಿ ಆಡುವ ಆಟವಾದ್ದರಿಂದ, ತಾವು ಎಲ್ಲೆಲ್ಲಿ ಓಡಾಡಿದೆವು ಎಂಬ ಮಾಹಿತಿ ಯಾರ ಕೈಗೆ ಹೋಗುತ್ತದೆ ಎಂದು ಆಟಗಾರರು ಕೇಳಿದ್ದು ನ್ಯಾಯವಾಗಿಯೇ ಇತ್ತು. ನೀವೂ ಅದನ್ನೇ ಕೇಳಿ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ. ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಮಾಹಿತಿಯನ್ನು ಯಾರ ಜೊತೆ ಹಂಚಿಕೊಂಡಿದ್ದಾರೆ ಎಂದು ಕೇಳುವ, ಅಳಿಸಿ ಎನ್ನುವ ಹಕ್ಕನ್ನೂ ಅದು ಕೊಡುತ್ತದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ, ಮುಖ್ಯ ಕಟ್ಟುಪಾಡುಗಳನ್ನು ಪಾಲಿಸಲು ಕಂಪನಿಗಳಿಗೆ 18 ತಿಂಗಳ ಕಾಲಾವಕಾಶವಿದೆ. ಅಷ್ಟು ದಿನ ಕಾಯಬೇಕಾಗಿಲ್ಲ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರೊಫೈಲಿನಲ್ಲಿರುವ ಅವನ ಫೋಟೋ, ಶಾಲೆಯ ಹೆಸರು, ಊರಿನ ಹೆಸರು ಇವತ್ತೇ ತೆಗೆಸಿ. ಬೈದು ಮಾಡಿಸಬೇಡಿ. ಏಕೆ ತೆಗೆಯಬೇಕೆಂದು ಹೇಳಿದರೆ ಹದಿಮೂರು ವರ್ಷದ ಹುಡುಗನಿಗೆ ಅರ್ಥವಾಗುತ್ತದೆ.

ಪ್ರಶ್ನೆ: ಕೊಂಡುಕೊಳ್ಳುವವರು ಹೊರದೇಶದವರು. ನಾಳೆ ಸರ್ಕಾರ ಆಟವನ್ನೇ ನಿಷೇಧಿಸಿದರೆ? — ನಿವೃತ್ತ ಸೈನಿಕರು, ನಾಪೋಕ್ಲು

ಉತ್ತರ: ಸರ್, ಆ ಭಯಕ್ಕೆ ಆಧಾರವಿದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆಪ್‌ಗಳಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಆಟ ದಕ್ಷಿಣ ಕೊರಿಯಾದವರದ್ದು, ಇಲ್ಲಿ ಅದನ್ನು ನಡೆಸುತ್ತಿದ್ದದ್ದು ಚೀನಾದ ಟೆನ್ಸೆಂಟ್. ಆಮೇಲೆ ಕೊರಿಯಾದ ಕ್ರಾಫ್ಟನ್ ತಾನೇ ಮುಂದೆ ಬಂದು 2021ರ ಜುಲೈಯಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಹೆಸರಿನಲ್ಲಿ ಭಾರತಕ್ಕೆ ಬೇರೆ ಆಟ ತಂದಿತು. ಹಳೆಯ ಐಡಿಯಲ್ಲಿದ್ದ ಸಾಮಗ್ರಿಯನ್ನು ಆಟಗಾರರ ಒಪ್ಪಿಗೆ ಪಡೆದು ಹೊಸದಕ್ಕೆ ಸಾಗಿಸಲು ಅವಕಾಶವನ್ನೂ ಕೊಟ್ಟಿತು. ಅದೂ 2022ರ ಜುಲೈಯಲ್ಲಿ ಆಪ್ ಸ್ಟೋರ್‌ಗಳಿಂದ ಮಾಯವಾಗಿ 2023ರ ಮೇಯಲ್ಲಿ ಮರಳಿತು. ಸಾಮಗ್ರಿ ಸಾಗಿಸುವ ಅವಕಾಶ ಸದಾಕಾಲ ತೆರೆದಿರಲಿಲ್ಲ, ಅದಕ್ಕೂ ಕೊನೆಯ ದಿನಾಂಕ ಇತ್ತು. ಹಾಗಾಗಿ ನಿಮ್ಮ ಮೊಮ್ಮಕ್ಕಳಿಗೆ ಹೇಳಿ, ಅಂಥ ಪ್ರಕಟಣೆ ಬಂದ ವಾರದಲ್ಲೇ ಕೆಲಸ ಮುಗಿಸಿಕೊಳ್ಳಲಿ. ಕೊಂಡವರು ಹೊರಗಿನವರು ಎಂಬ ಒಂದೇ ಕಾರಣಕ್ಕೆ ಕೆಡುಕಾಗುತ್ತದೆ ಎಂದು ನಾನು ಭಾವಿಸುವುದಿಲ್ಲ. ಪುಣೆಯ ನಾಟಿಲಸ್ ಮಾಡಿದ ರಿಯಲ್ ಕ್ರಿಕೆಟ್ ಆಟದಲ್ಲೂ 2025ರಿಂದ ದೊಡ್ಡ ಪಾಲು ಇದೇ ಕ್ರಾಫ್ಟನ್‌ದು.

ಪ್ರಶ್ನೆ: ರಮ್ಮಿ ಆಪ್‌ನಲ್ಲಿ ಹಣ ಉಳಿದಿದೆ, ಅದಕ್ಕೂ ಇದೇ ಉತ್ತರವೇ? — ಸಿದ್ದಾಪುರ

ಉತ್ತರ: ಅಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಕಾಯ್ದೆ ನಿಷೇಧಿಸಿದೆ. ಉಳಿದ ಮೊತ್ತವನ್ನು ಹಿಂಪಡೆಯಲು ಆಪ್‌ನಲ್ಲೇ ಕೇಳಿ. ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಪ್ರಶ್ನೆ: 'ಕಂಪನಿ ಕೈ ಬದಲಾಗುವ ಮೊದಲು ನಿನ್ನ ಐಡಿ ನನಗೆ ಮಾರು, ಒಳ್ಳೆಯ ಬೆಲೆ ಕೊಡುತ್ತೇನೆ' ಎಂದು ಒಬ್ಬರು ಸಂದೇಶ ಕಳುಹಿಸಿದ್ದಾರೆ. ಇನ್ನೊಬ್ಬರು ಲಿಂಕ್ ಕಳುಹಿಸಿ, ಅದರಲ್ಲಿ ಲಾಗಿನ್ ಆದರೆ ಐಡಿ ಹೊಸ ಕಂಪನಿಗೆ ವರ್ಗವಾಗುತ್ತದೆ ಎಂದಿದ್ದಾರೆ. — ಕುಶಾಲನಗರ

ಉತ್ತರ: ಎರಡೂ ಬೇಡ. ಇಂಥ ಗೊಂದಲದ ಸಮಯವನ್ನೇ ವಂಚಕರು ಕಾಯುತ್ತಿರುತ್ತಾರೆ. ವರ್ಗಾವಣೆ ಇದ್ದರೆ ಅದರ ಸೂಚನೆ ಆಟದ ಒಳಗೇ ಬರುತ್ತದೆ, ಗುರುತಿಲ್ಲದವರ ವಾಟ್ಸಾಪ್ ಲಿಂಕಿನಲ್ಲಿ ಬರುವುದಿಲ್ಲ. ಐಡಿ ಮಾರುವುದು ಬಹುತೇಕ ಆಟಗಳ ಷರತ್ತಿಗೆ ವಿರುದ್ಧ, ಸಿಕ್ಕಿಬಿದ್ದರೆ ಐಡಿಯೇ ಹೋಗುತ್ತದೆ. ಆಗಲೇ ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟಿದ್ದರೆ ಕೂಡಲೇ ಬದಲಾಯಿಸಿ. ಅದೇ ಪಾಸ್‌ವರ್ಡ್ ಇ-ಮೇಲ್‌ಗೂ ಇದ್ದರೆ ಮೊದಲು ಅಲ್ಲಿ ಬದಲಾಯಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಲು ಒಂದು ಗಂಟೆಯೂ ತಡಮಾಡಬೇಡಿ.

ಪ್ರಶ್ನೆ: ಕೊಂಡವರು ಆಟವನ್ನೇ ಮುಚ್ಚಿಬಿಟ್ಟರೆ ನಮ್ಮಂಥವರು ಏನೂ ಮಾಡಲಾಗುವುದಿಲ್ಲವೇ? ಪೊನ್ನಂಪೇಟೆಯಲ್ಲಿ ಕೂತ ನಾವು ಎಲ್ಲಿ, ಆ ಕಂಪನಿ ಎಲ್ಲಿ! — ಪೊನ್ನಂಪೇಟೆಯ ಗೆಳತಿಯರು

ಉತ್ತರ: ಆಟ ಮುಚ್ಚುವುದು ಮಾರಾಟವಾದ ಕಂಪನಿಯಲ್ಲಿ ಮಾತ್ರ ಎಂದುಕೊಳ್ಳಬೇಡಿ. ಯೂಬಿಸಾಫ್ಟ್ ತನ್ನದೇ ದಿ ಕ್ರೂ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದಾಗ ಹಣ ಕೊಟ್ಟವರ ಕೈಯಲ್ಲಿ ತೆರೆಯದ ಆಟವಷ್ಟೇ ಉಳಿಯಿತು. ಸಿಟ್ಟಿಗೆದ್ದ ಆಟಗಾರರು ಸುಮ್ಮನಿರಲಿಲ್ಲ. ಮುಚ್ಚುವಾಗಲೂ ಆಟವನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಬೇಕು ಎಂಬ ಯುರೋಪಿನ ನಾಗರಿಕರ ಮನವಿಗೆ 2025ರ ಜುಲೈಯಲ್ಲಿ ಹತ್ತು ಲಕ್ಷ ಸಹಿ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಕೊಡುತ್ತಿರುವುದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಆಟವನ್ನು 'ಖರೀದಿಸಿ' ಎಂದು ಮಾರುವಂತಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಸಿಟಿ ಆಫ್ ಹೀರೋಸ್ ಆಟದ ಕಥೆ. ಕೊರಿಯಾದ ಎನ್‌ಸಿಸಾಫ್ಟ್ ಅದನ್ನು 2012ರ ನವೆಂಬರ್ ಕೊನೆಯಲ್ಲಿ ಮುಚ್ಚಿತು. ಅಭಿಮಾನಿಗಳು ಬಿಡಲಿಲ್ಲ. ಆಟದ ಸಾಫ್ಟ್‌ವೇರ್ ಹೇಗೋ ಉಳಿದುಕೊಂಡು ಕೆಲವರು ತಾವೇ ಸರ್ವರ್ ನಡೆಸತೊಡಗಿದರು. 2024ರ ಜನವರಿಯಲ್ಲಿ ಅವರಲ್ಲೊಂದು ಗುಂಪಿಗೆ ಎನ್‌ಸಿಸಾಫ್ಟ್ ಅಧಿಕೃತ ಪರವಾನಗಿಯನ್ನೇ ಕೊಟ್ಟಿತು. ಹನ್ನೊಂದು ವರ್ಷ ಒಂದು ಆಟಕ್ಕಾಗಿ ಒಟ್ಟಿಗೆ ನಿಂತ ಜನ ಅವರು.

ನಿಮ್ಮ ಕೈಯಲ್ಲೂ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಎಲ್ಲೇ ಇರಲಿ, ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಿಮಗೆ ಅದು ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ ಐದು ಲಕ್ಷ ರೂಪಾಯಿ ಒಳಗಿದ್ದರೆ ದೂರಿನ ಶುಲ್ಕವಿಲ್ಲ. ಹೊರದೇಶದ ಕಂಪನಿಯ ವಿರುದ್ಧ ಆದೇಶ ಸಿಕ್ಕರೂ ಜಾರಿ ಮಾಡಿಸುವುದು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಆದ್ದರಿಂದ ಮೊದಲು ಕಂಪನಿಗೇ ಬರೆಯಿರಿ. ನೀವೆಲ್ಲ ಬೇರೆಬೇರೆಯಾಗಿ ಬರೆಯುವ ಬದಲು ಕ್ಲಾನ್‌ನ ಎಲ್ಲರ ಐಡಿ ಸಂಖ್ಯೆ ಹಾಕಿ ಒಂದೇ ಪತ್ರ ಕಳುಹಿಸಿ. ಬೈಗುಳ ಬೇಡ. ಕೇಳಬೇಕಾದ್ದು ಇಷ್ಟು: ಈಗಿನ ಲಾಗಿನ್ ಯಾವ ದಿನಾಂಕದ ತನಕ ನಡೆಯುತ್ತದೆ, ಕೊಂಡ ಕಾಯಿನ್‌ಗಳನ್ನು ಹೊಸ ಕಂಪನಿ ಒಪ್ಪಿಕೊಳ್ಳುತ್ತದೆಯೇ, ಭಾರತದ ಸರ್ವರ್ ಉಳಿಯುತ್ತದೆಯೇ, ಮುಚ್ಚುವುದಾದರೆ ಎಷ್ಟು ತಿಂಗಳು ಮುಂಚೆ ತಿಳಿಸುತ್ತೀರಿ, ಮತ್ತು ಬಳಸದ ಕಾಯಿನ್‌ಗಳ ಹಣವನ್ನು ಹೇಗೆ ಮರಳಿಸುತ್ತೀರಿ. ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಕೆಯಿದ್ದರೆ ಕನ್ನಡದಲ್ಲಿ ಬರೆದು ನನಗೆ ಕಳುಹಿಸಿ, ತಿದ್ದಿ ಇಂಗ್ಲಿಷಿಗೆ ಮಾಡಿಕೊಡುತ್ತೇನೆ. ಕಂಪನಿಯಿಂದ ಉತ್ತರ ಬಂದರೆ ಅದನ್ನೂ ಕಳುಹಿಸಿ, ಇದೇ ಪುಟದಲ್ಲಿ ಪ್ರಕಟಿಸೋಣ.